ಅತ್ತೆಯ ಕಂಠಕ್ಕೆ ಜ್ಯೇಷ್ಠಮಧು

ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಹೊಸ ಚಹಾ ಬಂದಿದೆ. ಚಹಾ ಎನ್ನುವುದು ಮರ್ಯಾದೆಯ ಮಾತು. ಅದರಲ್ಲಿ ಚಹಾಪುಡಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಬೇರು, ಎಲೆ, ತೊಗಟೆಗಳೂ ಇವೆ. ತೂಕ ಇಳಿಸುವ ಪಣ ತೊಟ್ಟ ಸಹೋದ್ಯೋಗಿಯೊಬ್ಬರು ತಂದದ್ದು. ನಿನ್ನೆ ಅವರ ಒತ್ತಾಯಕ್ಕೆ ಒಂದು ಕಪ್ಪು ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಆದರೂ ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಸಿಹಿ ಉಳಿಯಿತು. ಹೊರಟೆವು, ಹೊರಟೆವು ಎನ್ನುತ್ತಲೇ ಬೀಗರು ಕಟ್ಟೆಯ ಮೇಲೆ ಮತ್ತೆ ಕುಳಿತುಬಿಡುತ್ತಾರಲ್ಲ, ಅಂಥ ಸಿಹಿ. ಪೊಟ್ಟಣ ಇಸಿದುಕೊಂಡು, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದೆ. ಇತ್ತು, ಜ್ಯೇಷ್ಠಮಧು.

“ಯಾಕ್ರಿ ಸರ್, ಸೇರಲಿಲ್ಲೇನು?” ಎಂದರು ಅವರು.

“ಸೇರೇತ್ರಿ. ನಿಮಗ ಬಿಪಿ ಐತೇನು?” ಎಂದೆ.

ಚಹಾ ಕೊಟ್ಟವರನ್ನು ಹೀಗೆ ಕೇಳಬಾರದು, ಒಪ್ಪಿದೆ. ಆದರೆ ನನ್ನ ಸೋದರತ್ತೆ ಗಂಗವ್ವನ ಕಥೆ ಗೊತ್ತಿದ್ದರೆ ನೀವೂ ಕೇಳುತ್ತಿದ್ದಿರಿ.

ಅತ್ತೆಯ ಮನೆ ಮನೋಳಿಯಲ್ಲಿ. ಅವಳು ಸೋಬಾನೆ ಪದ ಹಾಡುವವಳು. ಬೈಲಹೊಂಗಲದಿಂದ ರಾಮದುರ್ಗದವರೆಗೆ ಅವಳ ಪದ ಕೇಳದೆ ಅರಿಷಿಣ ಹಚ್ಚಿಸಿಕೊಂಡ ಮದುಮಕ್ಕಳೇ ಇಲ್ಲವಂತೆ. ಇದು ಅವಳದೇ ಹೇಳಿಕೆ, ನಾನು ತಪಾಸು ಮಾಡಿಲ್ಲ. ಯಾರಾದರೂ ಮೈಕು ತಂದಿಟ್ಟರೆ ಆಚೆ ಸರಿಸುತ್ತಿದ್ದಳು. “ಮೈಕ್ ಹಿಡಿಯೂದು ಪುಢಾರಿಗೋಳ ಕೆಲಸ. ನನ್ನ ದನಿ ಹಂದರದಾಚಿ ಬಾವಿ ಮಟಾ ಹೊಕ್ಕೈತಿ” ಎನ್ನುತ್ತಿದ್ದಳು. ಹೋಗುತ್ತಿತ್ತು, ಅದು ಮಾತ್ರ ನಿಜ.

ಒಂದು ವರ್ಷ ಎಂ.ಕೆ. ಹುಬ್ಬಳ್ಳಿಯ ಮದುವೆಗೆ ಒಂದು ವಾರವಿರುವಾಗ ಅವಳಿಗೆ ನೆಗಡಿಯಾಗಿ ದನಿ ಕುಳಿತುಬಿಟ್ಟಿತು. ನಾನು ಫಾರ್ಮಸಿ ಕಾಲೇಜಿನಲ್ಲಿ ಗಿಡಮೂಲಿಕೆಗಳ ಪಾಠ ಹೇಳುವವನು. ಮನೆತನದಲ್ಲಿ ನನ್ನ ವಿದ್ಯೆ ಯಾರಿಗೂ ಉಪಯೋಗಕ್ಕೆ ಬಂದಿಲ್ಲವೆಂಬ ಕೊರಗು ನನಗೆ ಮೊದಲಿನಿಂದಲೂ ಇತ್ತು. ಸವದತ್ತಿಗೆ ಹೋಗಿ, ನಾಟಿ ಔಷಧದ ಸಾಮಾನು ಮಾರುವ ದಸ್ತಗೀರ ಚಾಚಾನ ಅಂಗಡಿಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ ಕೇಳಿದೆ.

ಚಾಚಾ ಕಡ್ಡಿಗಳನ್ನು ಕಾಗದದಲ್ಲಿ ಸುತ್ತುತ್ತ, “ನಾಕ ದಿನ ಅಗೀರಿ, ಸಾಕ್ರಿ. ದಿನಾ ತಿನ್ನೂ ಮಾಲಲ್ಲ ಇದು” ಎಂದ.

“ಚಾಚಾ, ನಾ ಇದನ್ನ ಕಾಲೇಜದಾಗ ಪಾಠ ಮಾಡತೇನಿ” ಎಂದು ನಾನು ನಕ್ಕೆ.

“ಹೌದ್ರಿ? ಹಂಗಿದ್ರ ನಿಮಗ ಗೊತ್ತs ಇರತೈತಿ ಬಿಡ್ರಿ” ಎಂದು ಅವನೂ ನಕ್ಕ. ಅವನ ನಗುವಿನಲ್ಲಿ ಏನಿತ್ತೆಂದು ಆಗ ತಿಳಿಯಲಿಲ್ಲ.

ಅತ್ತೆಯ ದನಿ ಮೂರೇ ದಿನಕ್ಕೆ ಮರಳಿತು. ನೆಗಡಿ ತಾನಾಗಿಯೇ ಹೋಗಿರಬಹುದು, ಆದರೆ ಕೀರ್ತಿಯನ್ನು ನಾನು ಬಿಟ್ಟುಕೊಡಲಿಲ್ಲ. “ನಮ್ಮ ಸೋದರಳಿಯಾ ಡಾಕ್ಟರ್‌ಕಿಂತಾ ಶಾಣ್ಯಾ” ಎಂದು ಅವಳು ಊರೆಲ್ಲ ಹೇಳಿದಳು. ನಾಲ್ಕು ದಿನಕ್ಕೆ ಬಿಡುವ ಬದಲು ಅವಳು ಕಡ್ಡಿಯನ್ನು ಎಲೆಯಡಿಕೆಯಂತೆ ದವಡೆಯಲ್ಲಿ ಇಟ್ಟುಕೊಳ್ಳತೊಡಗಿದಳು. ಮನೋಳಿಗೆ ಹೋದಾಗಲೆಲ್ಲ ನಾನೂ ಒಂದು ಕಟ್ಟು ಒಯ್ದು ಕೊಡುತ್ತಿದ್ದೆ. ಹೊಗಳಿಕೆ ಎಂಬುದು ಜ್ಯೇಷ್ಠಮಧುವಿಗಿಂತ ಹೆಚ್ಚು ಹೊತ್ತು ಸಿಹಿಯಾಗಿರುತ್ತದೆ ನೋಡಿ.

ಕೆಲವು ತಿಂಗಳಲ್ಲಿ ಅತ್ತೆಯ ಕಾಲು ಬಾತವು. ಒಂದು ಗುಳಿಗೆಗೆ ಬಗ್ಗಿಕೊಂಡಿದ್ದ ರಕ್ತದೊತ್ತಡ ಎರಡಕ್ಕೂ ಬಗ್ಗದಾಯಿತು. ಆಸ್ಪತ್ರೆಯ ವೈದ್ಯೆ ಡಾಕ್ಟರ್ ಬಾಯಿ ಮೂರನೆಯ ಗುಳಿಗೆ ಬರೆದು, ಉಪ್ಪು ಬಿಡಿಸಿದರು. ಉಪ್ಪಿನಕಾಯಿ ಹೋಯಿತು, ಹಪ್ಪಳ ಹೋಯಿತು, ರೊಟ್ಟಿಯ ಜೊತೆಗಿನ ಕೆಂಪು ಚಟ್ನಿ ಹೋಯಿತು. ಇಡೀ ಮನೆ ಸಪ್ಪೆ ಉಣ್ಣತೊಡಗಿತು. ಅತ್ತೆಯ ಮಗ ಸಂಜೆಯಾದರೆ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ ಅಂಗಡಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ. ಒತ್ತಡ ಮಾತ್ರ ಇಳಿಯಲೊಲ್ಲದು. ಕಡೆಗೆ ಅನುಮಾನವು ಅಡಿಗೆ ಮಾಡುವವಳ ಮೇಲೆ, ಸೊಸೆ ಶೈಲಾಳ ಮೇಲೆ ಬಂತು.

“ಅಣ್ಣಾರ, ನೀವರ ಹೇಳ್ರಿ. ಉಪ್ಪಿನ ಡಬ್ಬೀನ ಅಟ್ಟದ ಮ್ಯಾಲ ಇಟ್ಟೇನಿ” ಎಂದಳು ಶೈಲಾ, ನಾನು ಹೋದಾಗ.

“ಅಟ್ಟಾ ಏರಾಕ ಆಕಿಗೇನ ಕಾಲಿಲ್ಲೇನು?” ಎಂದಳು ಅತ್ತೆ.

ನಾನು ನಡುವೆ ಕುಳಿತು ಅರ್ಧ ಗಂಟೆ ಉಪ್ಪಿನ ಮೇಲೆ ಉಪನ್ಯಾಸ ಕೊಟ್ಟೆ. ಹೃದಯ, ರಕ್ತನಾಳ, ಮೂತ್ರಪಿಂಡ, ಏನನ್ನೂ ಬಿಡಲಿಲ್ಲ. ಅತ್ತೆ ಗಮನವಿಟ್ಟು ಕೇಳಿದಳು. ನಾನು ಮಾತಾಡುತ್ತಿರುವಾಗಲೇ ಅವಳ ಬಾಯಿಯ ಕಡ್ಡಿ ನನ್ನ ಕಣ್ಣೆದುರಿಗೇ ಎಡಗಲ್ಲದಿಂದ ಬಲಗಲ್ಲಕ್ಕೆ ಹೋಯಿತು.

ಒಂದು ಮುಂಜಾನೆ ನಾನು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಶೈಲಾಳ ಫೋನು ಬಂತು. ಬಚ್ಚಲಲ್ಲಿ ಅತ್ತೆ ಕಾಲು ಸೋತು ಕುಸಿದಿದ್ದಳು. ಶೈಲಾ ಒಬ್ಬಳೇ ಎತ್ತಿ ತಂದು ಮಲಗಿಸಿದ್ದಳು. “ಎದಿ ಬಡಿತ ಹೆಜ್ಜಿ ತಪ್ಪಾಕ ಹತ್ತೇತಿ ಅಂತಾರ. ಎತ್ತಿ ತಂದಾಕಿನ್ನs ‘ನೀನs ಮಾಡಿದಿ’ ಅಂದ್ರು ಅಣ್ಣಾರ. ನಾ ಹೂಲಿಗೆ ತವರಮನಿಗೆ ಹೊಕ್ಕೇನಿ. ಇಲ್ಲಿದ್ದು ಕೊಲೆಗಾತಿ ಅನ್ನಿಸ್ಕೊಳ್ಳಾಕ ನನ್ನ ಕಡೆ ಆಗೂದಿಲ್ಲ” ಎಂದು ಅತ್ತಳು. ಸಮಾಧಾನದ ಎರಡು ಮಾತು ಹೇಳಿ ಫೋನ್ ಇಟ್ಟು ಮುಂದಿನ ಪತ್ರಿಕೆ ಎತ್ತಿಕೊಂಡೆ.

ಪ್ರಶ್ನೆಯನ್ನು ನಾನೇ ಹಾಕಿದ್ದೆ: ಜ್ಯೇಷ್ಠಮಧುವಿನ ಉಪಯೋಗ ಮತ್ತು ದುಷ್ಪರಿಣಾಮಗಳು. ಕೋಳಿ ಕೆದರಿದಂಥ ಅಕ್ಷರದಲ್ಲಿ ವಿದ್ಯಾರ್ಥಿನಿ ಬರೆದಿದ್ದಳು: ಬಹಳ ದಿನ ಸೇವಿಸಿದರೆ ಮೈಯಲ್ಲಿ ಉಪ್ಪು, ನೀರು ಉಳಿಯುತ್ತವೆ, ಪೊಟ್ಯಾಸಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ, ಕಾಲು ಬಾಯುತ್ತವೆ, ಸ್ನಾಯು ಸೋಲುತ್ತವೆ, ಹೃದಯದ ಬಡಿತ ತಪ್ಪಬಹುದು. ಐದಕ್ಕೆ ಐದು ಅಂಕ ಕೊಟ್ಟೆ. ಕೊಟ್ಟ ಮೇಲೆ ಕೈ ಅಲ್ಲೇ ನಿಂತಿತು. ಈ ಸಾಲುಗಳನ್ನು ಆ ಹುಡುಗಿಗೆ ಬರೆಸಿದವನು ನಾನೇ. ವರ್ಷವೂ ಬರೆಸುತ್ತೇನೆ. ಒಮ್ಮೆಯೂ ಓದಿರಲಿಲ್ಲ ಎಂದರೆ ನೀವು ನಂಬಬೇಕು.

ಬೈಕು ಓಡಿಸಿಕೊಂಡು ಮನೋಳಿ ಮುಟ್ಟಿದಾಗ ಶೈಲಾ ಚೀಲ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು. ಅವಳೆದುರಿಗೇ ಹೇಳಿದೆ: “ಅತ್ತಿ, ತಪ್ಪ ಶೈಲಾಂದಲ್ಲ, ನಂದು. ನಾ ಕೊಟ್ಟ ಕಡ್ಡೀದು.” ಅತ್ತೆ ಬಾಯಿಂದ ಕಡ್ಡಿ ತೆಗೆದು, ಹೊಸದೆಂಬಂತೆ ನೋಡಿದಳು. ಜೀಪು ತರಿಸಿ ಆಸ್ಪತ್ರೆಗೆ ಕರೆದೊಯ್ದೆವು. ಅವಳನ್ನು ಹಿಡಿದುಕೊಂಡು ಕುಳಿತವಳು ಶೈಲಾ.

“ನಾಟಿ ಔಷಧಾ ಏನರ ತಗೋತೀರೇನು ಅಂತ ಪ್ರತಿ ಸಲಾ ಕೇಳಿದ್ನೆಲ್ಲ ಅಮ್ಮಾ?” ಎಂದರು ಡಾಕ್ಟರ್ ಬಾಯಿ.

“ಅದು ಔಷಧ ಅಲ್ರಿ ಬಾಯಾರ. ಅದು ಕಂಠಕ್ಕ.”

ರಕ್ತ ತಪಾಸಣೆಯಲ್ಲಿ ಪೊಟ್ಯಾಸಿಯಂ ತಳ ಕಂಡಿತ್ತು. ನಾಲ್ಕು ದಿನ ಅಲ್ಲೇ ಇಟ್ಟುಕೊಂಡರು. ಕಡ್ಡಿ ನಿಂತಿತು, ಕೆಲವು ವಾರಗಳಲ್ಲಿ ಬಾವು ಇಳಿಯಿತು, ಒತ್ತಡ ಮತ್ತೆ ಒಂದೇ ಗುಳಿಗೆಗೆ ಬಗ್ಗಿತು. ಅಷ್ಟೂ ದಿನ ಅತ್ತೆ ನನಗೆ ಒಂದೇ ಮಾತು ಅಂದದ್ದು: “ಉಪ್ಪಿನಕಾಯಿ ಬಿಟ್ಟಿದ್ನೆಲ್ಲೋ ತಮ್ಮಾ.” ಬೈದಿದ್ದರೆ ಹಗುರಾಗುತ್ತಿತ್ತು.

ಸೊಸೆಗೆ ಅವಳು ತಪ್ಪಾಯಿತು ಎನ್ನಲಿಲ್ಲ. ನಮ್ಮ ಕಡೆಯ ಅತ್ತೆಯಂದಿರಿಗೆ ಆ ಮಾತು ಬರುವುದಿಲ್ಲ. ಆದರೆ ಮುಂದಿನ ಮದುವೆಗೆ, ಕಿತ್ತೂರಿಗೆ, ಶೈಲಾಳನ್ನು ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನೂ ಇದ್ದೆ. ಎರಡನೆಯ ಪದದಲ್ಲಿ ಮೇಲಿನ ಸೊಲ್ಲಿಗೆ ಏರುವಾಗ ಅತ್ತೆಯ ದನಿ ಒಡೆಯಿತು. ಹೆಂಗಸರೆಲ್ಲ ತಲೆ ತಗ್ಗಿಸಿದರು. ಆಗ ಶೈಲಾ, ಅತ್ತೆಯ ಮುಂದೆ ಎಂದೂ ಬಾಯಿಬಿಡದವಳು, ಆ ಸೊಲ್ಲನ್ನು ಎತ್ತಿಕೊಂಡಳು. ಅತ್ತೆ ತಿರುಗಿ ಅವಳನ್ನೇ ದಿಟ್ಟಿಸಿದಳು. ಪದ ಮುಗಿದ ಮೇಲೆ, “ಇನ್ನ ಮ್ಯಾಲ ಮ್ಯಾಲಿನ ಸೊಲ್ಲು ನೀ ಅನ್ನು. ಕೆಳಗಿಂದು ನನಗಿರ್ಲಿ” ಎಂದಳು.

ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ‘ಯಾರೋ ಒಬ್ಬ ಮಹಾಶಯ ತನ್ನ ಅತ್ತೆಗೆ’ ಎಂದು. ನಿನ್ನೆ ಆ ಚಹಾ ಕುಡಿದು ತರಗತಿಗೆ ಹೋದಾಗ ಮಹಾಶಯನನ್ನು ಇನ್ನೂ ಮುಚ್ಚಿಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. “ಅಂವಾ ನಾನs” ಎಂದೆ. ಮಕ್ಕಳು ಮನಸಾರೆ ನಕ್ಕರು. ನಗು ನಿಂತ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು:

“ಸರ್, ನಿಮ್ಮ ಅತ್ತಿ ಈಗ ಹೆಂಗ ಅದಾರ್ರಿ?”

ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಕೇಳುವಂತೆ ನಾನು ಹೇಳಿರಲೂ ಇಲ್ಲ.

“ಆರಾಮ ಅದಾಳ” ಎಂದೆ. ಗಂಟೆ ಹೊಡೆದ ಕೂಡಲೇ ವರಾಂಡಕ್ಕೆ ಬಂದು, ಹೌದೋ ಅಲ್ಲವೋ ಎಂದು ಕೇಳಲು ಮನೋಳಿಗೆ ಫೋನು ಹಚ್ಚಿದೆ.