ಮಾತು ನಿಂತ ಕಂಪ್ಯೂಟರ್

ಶಾಲೆಗಳ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಗಬ್ಬೂರಿನ ಶಾಲೆಯೊಂದರಲ್ಲಿ ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿತ್ತು. ಬೇಡದ ಸಾಫ್ಟ್‌ವೇರ್ ತೆಗೆಯಲು ಕಮಾಂಡ್ ಕೊಟ್ಟೆ. ಅದರ ಜೊತೆಗೆ ಇನ್ನೇನೇನು ಹೋಗುತ್ತದೆಂದು ಕಂಪ್ಯೂಟರ್ ಉದ್ದನೆಯ ಪಟ್ಟಿ ತೋರಿಸಿ, ಮುಂದುವರಿಯಲೇ ಎಂದು ಕೇಳಿತು. ಓದದೆ ಹೌದು ಅಂತ ಒತ್ತಿದೆ.

ಆಗ ಅದನ್ನು ಬಳಸುವ ಟೀಚರ್ ಬಂದು ಕುಳಿತರು. ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ಕಂಪ್ಯೂಟರೇ ಅವರಿಗೆ ಓದಿ ಹೇಳಬೇಕು. ಇನ್ನೊಂದು ಗಂಟೆಗೆ ಪರೀಕ್ಷೆ, ಪ್ರಶ್ನೆಪತ್ರಿಕೆ ತಿದ್ದುವುದು ಬಾಕಿಯಿತ್ತು. ಕೀಲಿ ಒತ್ತಿದರು. ಸದ್ದೇ ಇಲ್ಲ.

"ಯಾಕ್ರೀ, ಇದು ಮಾತಾಡವಲ್ದು? ಏನ್ ತಗದ್ರಿ?"

ಆ ಪಟ್ಟಿಯನ್ನು ಈಗ ಮೇಲಿನಿಂದ ಓದಿದೆ. "ಓದೋ ಸಾಫ್ಟ್‌ವೇರೂ ಹೋಗೇದ್ರೀ ಮೇಡಂ."

ಅವರು ಬೈಯಲಿಲ್ಲ. ನನ್ನ ಫೋನಿನ ನೆಟ್ ಜೋಡಿಸಲು ಹೇಳಿ, ಅದನ್ನು ಮತ್ತೆ ಹಾಕುವ ಕಮಾಂಡನ್ನು ನೆನಪಿನಿಂದಲೇ ಟೈಪ್ ಮಾಡಿದರು.

"ಏನ್ ಬಂತು, ಓದ್ರಿ."

"ಏನೇನೋ ಬರಾಕತ್ತೇದ್ರಿ..."

"ಏನೇನೋ ಅನಬ್ಯಾಡ್ರಿ. ಒಂದೊಂದೂ ಓದ್ರಿ."

ಸಾಲು ಸಾಲಾಗಿ ಓದತೊಡಗಿದೆ. ನೆಟ್ ಎರಡು ಸಲ ಕಡಿದುಹೋಯಿತು. ಅಂಗಿ ಬೆವರಿಗೆ ಬೆನ್ನಿಗಂಟಿತು. ಹೊರಗೆ ಮಕ್ಕಳ ಗದ್ದಲ ಹೆಚ್ಚಾಗುತ್ತಿತ್ತು. ಅರ್ಧ ಗಂಟೆಯ ಮೇಲೆ ಕಂಪ್ಯೂಟರ್ ಒರಟು ದನಿಯಲ್ಲಿ ಮಾತಾಡಿತು. ಹೆದರಿಕೆಯಲ್ಲಿ ನಾನಿನ್ನೂ ಓದುತ್ತಲೇ ಇದ್ದೆ.

ಟೀಚರ್ ಕೈ ಎತ್ತಿದರು. "ಅದು ಮಾತಾಡಾಕತ್ತೇದ. ಈಗ ನೀವು ಸುಮ್ಕಿರ್ರಿ."

ಪ್ರಶ್ನೆಪತ್ರಿಕೆ ಗಂಟೆ ಬಾರಿಸುವ ಮೊದಲೇ ಸಿದ್ಧವಾಯಿತು. ಪ್ರಿಂಟರಿನಿಂದ ಬಂದ ಹಾಳೆಗಳನ್ನು ನಾನೇ ಜೋಡಿಸಿಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ.