ಕೊಳ ಮುಚ್ಚಿದ ಮೇಲೆ

ವಿಶ್ವವಿದ್ಯಾಲಯದ ಹಳೆಯ ಈಜುಕೊಳದ ನೀರು ಪಾಚಿಗಟ್ಟಿ ತಳವೇ ಕಾಣುತ್ತಿರಲಿಲ್ಲ. ಅದಕ್ಕೇ ಕಾವಲುಗಾರ ಅಣ್ಣ ಬೀಗ ಹಾಕುವ ಮೊದಲು ಉದ್ದನೆಯ ಕೋಲಿನಿಂದ ತಳವನ್ನೆಲ್ಲ ತಡಕುತ್ತಿದ್ದ. ಒಂದು ಸಂಜೆ ಆಳದ ಮೂಲೆಯಲ್ಲಿ ಕೋಲಿಗೆ ಹುಡುಗಿಯೊಬ್ಬಳ ಹೆಣ ತಗುಲಿತು.

ಶುದ್ಧ ನೀರಿಗಾಗಿ ಈಜಲು ಬರುತ್ತಿದ್ದ ನಾವು ವಿದ್ಯಾರ್ಥಿನಿಯರು ಬಾಯಿ ಬಡಿದುಕೊಂಡಾಗ ಅಲುಗದ ಆಡಳಿತ, ಅವಳು ಸತ್ತ ಮೇಲೆ ತರಾತುರಿಯಲ್ಲಿ ಕೊಳ ಮುಚ್ಚಿಸಿ, ಅದರ ಮೇಲೇ ಮರದ ನೆಲದ ವಿಶ್ರಾಂತಿ ಕೊಠಡಿ ಕಟ್ಟಿಸಿತು. ಕಾವಲಿಗೆ ಅದೇ ಅಣ್ಣ. ಕೈಯಲ್ಲಿ ಅದೇ ಕೋಲು.

ಮೊದಲ ದಿನ ವಿಶ್ರಾಂತಿಯ ಅಭ್ಯಾಸಕ್ಕೆಂದು ತರಬೇತುದಾರರು ನಮ್ಮನ್ನು ಕಣ್ಣು ಮುಚ್ಚಿಸಿ, ಅಲುಗಾಡದಂತೆ ಮಲಗಿಸಿದ್ದರು. ಬೀಗ ಹಾಕಲು ಬಂದ ಅಣ್ಣ ಕೋಲು ಬಿಸಾಡಿ, ನಾನು ಮಲಗಿದ್ದ ಆ ಆಳದ ಮೂಲೆಗೇ ಓಡಿಬಂದು, ನನ್ನ ರಟ್ಟೆ ಹಿಡಿದೆಳೆದ.

"ಉಸಿರಾಡಮ್ಮಾ, ಉಸಿರಾಡು!"

"ಅಣ್ಣಾ, ಇಲ್ಲಿ ನೀರಿಲ್ಲ."

ಅವನು ರಟ್ಟೆ ಬಿಡಲಿಲ್ಲ. "ಈ ಸಲ ಬೇಗ ಬಂದೆ ಅಲ್ವೇನಮ್ಮಾ?"

ಅವಳ ಪರವಾಗಿ ನಾನೇ "ಹೂಂ" ಅಂದೆ.