ಸೋವಿ ವಿಮಾನದ ಬಸಲಿಂಗಪ್ಪ

ಬಸಲಿಂಗಪ್ಪ ಕೂತಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಬುಕಿಂಗ್ ಆಫೀಸು. ಅದರಲ್ಲಿ ಒಂದು ಮೇಜು, ಮೂರು ಕುರ್ಚಿ. ಮೂರೂ ಗಿರಾಕಿಗಳಿಗೆ. ಅವರು ಮಾತ್ರ ಒಂದು ಕಾಲು ಒಳಗೆ, ಒಂದು ಕಾಲು ರಸ್ತೆಯಲ್ಲಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, ಬರುವ ಹೋಗುವ ಬಸ್ಸುಗಳೆಲ್ಲ ತಮ್ಮ ಮನೆಯವೇ ಎಂಬಂತೆ ಕಾಯುತ್ತ ನಿಂತಿರುತ್ತಿದ್ದರು. ಚಹಾ ತರಿಸಿದರೆ ಅರ್ಧ ಕುಡಿಯುವಷ್ಟರಲ್ಲಿ ಏನೋ ನೆನಪಾಗಿ ಹೊರಟುಬಿಡುವರು. ಉಳಿದರ್ಧ ನೊಣದ ಪಾಲು.

ಪಕ್ಕದ ಮಳಿಗೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಊರು ಮುದಗಲ್, ಶಾರ್ಟ್‌ಹ್ಯಾಂಡ್ ಕಲಿತದ್ದು ಲಿಂಗಸುಗೂರಿನಲ್ಲಿ, ಹೊಟ್ಟೆಪಾಡು ಸಿಂಧನೂರಿನಲ್ಲಿ. ನಮ್ಮಿಬ್ಬರ ನಡುವೆ ಒಂದೇ ಗೋಡೆ. ದಿನಕ್ಕೆರಡು ಸಲವಾದರೂ ಅದನ್ನು ಬಡಿದು ಕೂಗುವರು: ‘ಅಕ್ಕಾರ, ಒಂದು ಕಾಗದ ಹೊಡೀಬೇಕ್ರಿ. ಅರ್ಜೆಂಟ್ ಐತಿ!’ ಅರ್ಜೆಂಟ್ ಅಲ್ಲದ ಕಾಗದವನ್ನು ಅವರು ಒಂದೂ ಬರೆಸಲಿಲ್ಲ.

ಎಂಬತ್ತರ ದಶಕವಿಡೀ ಅವರು ಹೈದರಾಬಾದಿಗೆ ಹೋಗುವ ಖಾಸಗಿ ಬಸ್ಸಿನ ಟಿಕೆಟ್ ಮಾರಿದರು. ಆಮೇಲೆ ಸರ್ಕಾರ ಖಾಸಗಿಯವರಿಗೂ ವಿಮಾನ ಹಾರಿಸಲು ಬಿಟ್ಟಿತು. ಹೈದರಾಬಾದಿನಿಂದ ಬಾಂಬೆಗೆ ಕಡಿಮೆ ದರದಲ್ಲಿ ಒಯ್ಯುತ್ತೇವೆಂದು ಒಂದು ಹೊಸ ಕಂಪನಿ ಹುಟ್ಟಿತು. ಅದರ ಏಜೆನ್ಸಿಯನ್ನು ಬಸಲಿಂಗಪ್ಪ ಹೇಗೆ ಹಿಡಿದು ತಂದರೋ ದೇವರೇ ಬಲ್ಲ. ಒಂದು ಬೆಳಿಗ್ಗೆ ನೋಡಿದರೆ ಬಸ್ಸಿನ ಬೋರ್ಡಿನ ಮೇಲೆ ವಿಮಾನದ ಬೋರ್ಡು ಕೂತಿತ್ತು. ಊರು ನಕ್ಕಿತು. ಅವರು ಲೂನಾ ಹತ್ತಿ ಮಸ್ಕಿ, ಪಾಮನಕಲ್ಲೂರು, ಲಿಂಗಸುಗೂರು, ಗುರುಗುಂಟಾ ತಿರುಗಿ ಭಿತ್ತಿಪತ್ರ ಅಂಟಿಸಿ ಬಂದರು.

ಆ ಕಂಪನಿಯ ನಡೆ ಅವರಿಗೆ ಬಹಳ ಹಿಡಿಸಿತ್ತು. ಯಾರೋ ಉಪಯೋಗಿಸಿ ಬಿಟ್ಟ ಎರಡು ವಿಮಾನ. ಅವಕ್ಕೆ ಪುರುಸೊತ್ತೇ ಇಲ್ಲ. ಬಂದಿಳಿದ ಅರ್ಧ ತಾಸಿನಲ್ಲಿ ಜನರನ್ನು ತುಂಬಿಕೊಂಡು ಮತ್ತೆ ಹಾರಬೇಕು. ಊಟವಿಲ್ಲ, ಒಂದು ಲೋಟ ನೀರು, ಒಂದು ಪೆಪ್ಪರಮಿಂಟು. ಸೀಟಿಗೆ ನಂಬರಿಲ್ಲ, ಮೊದಲು ಹತ್ತಿದವರಿಗೆ ಮೊದಲ ಸೀಟು.

‘ಇದು ವಿಮಾನ ಅಲ್ರೀ ಅಕ್ಕಾರ,’ ಎಂದು ಕಣ್ಣರಳಿಸುವರು, ‘ನಮ್ಮ ಬಸ್ಸಿಗೇ ರೆಕ್ಕಿ ಹಚ್ಚ್ಯಾರ! ಬುತ್ತಿ ಕಟಗೊಂಡ್ ಹೋದ್ರ ಆತು.’

ಚಿನ್ನದ ಗಣಿ ಕಡೆಯ ಆಫೀಸರುಗಳು, ರೈಸ್ ಮಿಲ್ಲಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಬಸಲಿಂಗಪ್ಪ ಎಸ್‌ಟಿಡಿ ಬೂತಿನಲ್ಲಿ ನಿಂತು ಹೈದರಾಬಾದಿನವರಿಗೆ ಉರ್ದುವಿನಲ್ಲಿ ಕೂಗಿ ಸೀಟು ಹಿಡಿಯುವರು, ಕಾರ್ಬನ್ ಇಟ್ಟು ಟಿಕೆಟ್ ಬರೆಯುವರು. ಕೊನೆಗೆ ಎಲ್ಲರಿಗೂ ಒಂದು ಉಪದೇಶ: ‘ಒಳಗ ಕಾಲಿಟ್ಟ ಕೂಡ್ಲೇ ಟವೆಲ್ ಹಾಕಿಬಿಡ್ರಿ.’

ಇದರಿಂದಲೇ ಗದ್ದಲವಾಯಿತು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ನಿಮ್ಮದು, ಇನ್ನೊಬ್ಬರು ಕೂಡುವುದಿಲ್ಲ. ಮಸ್ಕಿಯ ಕಿರಾಣಿ ಅಂಗಡಿಯವರೊಬ್ಬರು ಮನೆಮಂದಿಯನ್ನೆಲ್ಲ ಬಾಂಬೆಯ ಮದುವೆಗೆ ಹೊರಡಿಸಿದ್ದರು. ವಿಮಾನದ ಕಿಟಕಿ ತೆರೆಯುವುದಿಲ್ಲವಲ್ಲ? ಅವರು ತಮ್ಮ ಭಾವಮೈದುನನ ಕೈಗೆ ಏಳು ಟವೆಲ್ ಕೊಟ್ಟು ಮುಂದೆ ಓಡಿಸಿದರು. ಆತ ಏಳು ಸೀಟಿಗೆ ಹಾಸಿ, ಹಿರಿಯರನ್ನು ಕರೆತರಲು ಕೆಳಗಿಳಿದ. ಯಾರೋ ಮರೆತುಹೋದ ಸಾಮಾನೆಂದು ಗಗನಸಖಿ ಏಳನ್ನೂ ಮಡಿಚಿ ಎತ್ತಿಟ್ಟಳು. ಏಳು ಸೀಟಿನಲ್ಲೂ ಬೇರೆಯವರು ಕೂತರು. ಜಗಳ ಹತ್ತಿ ವಿಮಾನ ತಡವಾಯಿತು.

ಕಂಪನಿಯಿಂದ ಕಟುವಾದ ಪತ್ರ ಬಂತು. ನಾನು ಓದಿ ಹೇಳಿದೆ. ಬಸಲಿಂಗಪ್ಪ ತಪ್ಪೊಪ್ಪಿಕೊಳ್ಳುವ ಬದಲು ಕೆಂಡವಾದರು. ‘ಟವೆಲ್ ಹಾಕಿದ ಸೀಟಿಗೆ ಕೈ ಹಚ್ತಾರೇನ್ರೀ? ಟವೆಲ್ ಅಂದ್ರ ಬರೇ ಅರಿವಿ ಅಲ್ಲ. ಮನಿಷ್ಯಾ ಬರಾಕತ್ಯಾನ, ಹಾದ್ಯಾಗ ಅದಾನ ಅಂತ ಅದರ ಅರ್ಥ. ಹಂಗಂತ ಬರೀರಿ.’

ಹಾಗಂತ ಇಂಗ್ಲಿಷಿನಲ್ಲಿ ಬರೆಯಲು ನನಗೆ ಅರ್ಧ ದಿನ ಹಿಡಿಯಿತು. ಕಂಪನಿ ಉತ್ತರ ಕೊಡಲಿಲ್ಲ. ಬಸಲಿಂಗಪ್ಪ ಉಪದೇಶ ಬಿಡಲಿಲ್ಲ.

ಇಷ್ಟು ಜನರನ್ನು ಹತ್ತಿಸಿದವರು ಸ್ವತಃ ಹತ್ತಿರಲಿಲ್ಲ. ಏಜೆಂಟರಿಗೆಂದು ವರ್ಷಕ್ಕೊಂದು ಪುಕ್ಕಟೆ ಟಿಕೆಟ್ ಬರುತ್ತಿತ್ತು. ಒಂದು ವರ್ಷ ಸೀಸನ್ನು, ಇನ್ನೊಂದು ವರ್ಷ ಮನೆಯಲ್ಲಿ ಬಾಣಂತನ. ಮೂರನೆಯ ವರ್ಷ ಗಟ್ಟಿ ಮನಸ್ಸು ಮಾಡಿದರು. ಹೊಸ ಅಂಗಿ ಹೊಲಿಸಿ, ಊರಿಗೆಲ್ಲ ಹೇಳಿ, ಹನ್ನೊಂದರ ಬಸ್ಸಿಗೆ ಹೊರಟು ನಿಂತಿದ್ದರು. ಆಗಲೇ ಪೋಸ್ಟ್‌ಮನ್ ನನ್ನ ಕೈಗೊಂದು ಲಕೋಟೆ ಕೊಟ್ಟ.

ಬಾಂಬೆಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೆನೋ ಹುದ್ದೆಗೆ ಪರೀಕ್ಷೆ, ಸಂದರ್ಶನ, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಪತ್ರ ನನ್ನ ಹಳೆಯ ಲಿಂಗಸುಗೂರಿನ ವಿಳಾಸಕ್ಕೆ ಹೋಗಿ, ಅಲ್ಲಿ ವಾರವಿಡೀ ಮಲಗಿ, ಈಗ ಬಂದಿತ್ತು. ರಾಯಚೂರಿನಲ್ಲಿ ರೈಲು ಹಿಡಿದರೂ ಮುಟ್ಟುವುದು ಮರುದಿನ ಮಧ್ಯಾಹ್ನ. ವಯಸ್ಸಿನ ಮಿತಿಯ ಪ್ರಕಾರ ನನಗದು ಕೊನೆಯ ಅವಕಾಶ. ನಾನು ಗೋಡೆಗೊರಗಿ ಅಳತೊಡಗಿದೆ.

ಬಸಲಿಂಗಪ್ಪ ಪತ್ರ ಕಸಿದುಕೊಂಡು ತಾರೀಖು ನೋಡಿದರು. ‘ಅಳೂದು ಆಮ್ಯಾಲ ಅಳ್ರಿ. ಅವ್ವಗ ಹೇಳಿ ಬರ್ರಿ, ಹೋಗ್ರಿ! ಬಸ್ ನಾ ನಿಲ್ಲಿಸಿರ್ತೀನಿ.’

ನಿಲ್ಲಿಸಿಯೂ ಇದ್ದರು. ಹೈದರಾಬಾದಿನ ತನಕ ಅವರು ಬಾಗಿಲಲ್ಲೇ ನಿಂತು, ಪ್ರತಿ ಊರಿನಲ್ಲೂ ಇಳಿದು, ಹತ್ತುವವರನ್ನು ಒಳಗೆ ದೂಡಿ, ಡ್ರೈವರನಿಗೆ ಬೀಡಿ ಸೇದಲೂ ಬಿಡಲಿಲ್ಲ. ‘ಒಂದಾದ್ರೂ ಸೀಟು ಇದ್ದ ಇರ್ತದ್ರೀ, ಇಬ್ಬರೂ ಹೋಗೂಣು,’ ಎಂದು ನನಗೂ ತಮಗೂ ಹೇಳಿಕೊಳ್ಳುತ್ತಿದ್ದರು.

ಸೀಟು ಇರಲಿಲ್ಲ. ಕೌಂಟರಿನವನು ಮೂರು ಸಲ ಪಟ್ಟಿ ನೋಡಿ ತಲೆಯಾಡಿಸಿದ. ಬಸಲಿಂಗಪ್ಪ ನನ್ನತ್ತ ನೋಡಲೇ ಇಲ್ಲ. ತಮ್ಮ ಟಿಕೆಟ್ಟನ್ನು ಅವನ ಮುಂದೆ ಇಟ್ಟು, ಉರ್ದುವಿನಲ್ಲಿ ಏನೋ ಹೇಳಿ, ಅದನ್ನು ನನ್ನ ಹೆಸರಿಗೆ ಮಾಡಿಸಿದರು.

‘ಬ್ಯಾಡ್ರಿ ಬಸಲಿಂಗಪ್ಪಾರ,’ ಎಂದೆ. ಬೇಡ ಎಂದದ್ದು ಬಾಯಿ ಮಾತ್ರ. ಕೈ ಆಗಲೇ ಟಿಕೆಟ್ ಹಿಡಿದಿತ್ತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

‘ನಂದೇನ್ ಓಡಿ ಹೋಗ್ತದ್ರೀ? ಮುಂದಿನ ತಿಂಗಳು ಹೋಗ್ತೀನಿ,’ ಎಂದು ಹೆಗಲ ಟವೆಲ್ ತೆಗೆದು ನನ್ನ ಕೈಗಿಟ್ಟರು. ‘ಕಿಟಕಿ ಕಡೀದು ಹಿಡೀರಿ. ಬಂದ ಮ್ಯಾಲ ಎಲ್ಲಾ ಹೇಳಬೇಕು ನೀವು. ಹೋಗಿ ಬಂದವ್ರು ಯಾರೂ ಸರಿ ಹೇಳವಲ್ರು. ಚೊಲೊ ಇತ್ತು ಅಂತಾರ, ಹೋಗಿಬಿಡ್ತಾರ.’

ಕಿಟಕಿಯೇ ಸಿಕ್ಕಿತು. ಅದರಾಚೆ ಸಂಜೆ ಇನ್ನೂ ಬೆಳಗುತ್ತಿದ್ದಿರಬೇಕು. ನಾನು ಕಣ್ಣು ಬಿಗಿಯಾಗಿ ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಶಾರ್ಟ್‌ಹ್ಯಾಂಡಿನ ಗೆರೆ ಎಳೆಯುತ್ತ ಕೂತಿದ್ದೆ. ಕಣ್ಣು ಬಿಟ್ಟಾಗ ಬಾಂಬೆ.

ಕೆಲಸ ಸಿಕ್ಕಿತು. ತಿಂಗಳೊಳಗೇ ಕಂಪನಿ ಹಾರಾಟ ನಿಲ್ಲಿಸಿತೆಂದು ಅವ್ವನ ಪತ್ರದಿಂದ ತಿಳಿಯಿತು. ಬಸಲಿಂಗಪ್ಪನವರ ಮುಂದಿನ ತಿಂಗಳು ಬರಲೇ ಇಲ್ಲ.

ರಜೆಗೆ ಬಂದಾಗ ಅವರು ಸಿಕ್ಕಿದ್ದು ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ, ಲಿಂಗಸುಗೂರಿನ ಬಸ್ಸಿಗೆ ಜನರನ್ನು ಹತ್ತಿಸುತ್ತ. ಸೊರಗಿದ್ದರು. ನನ್ನನ್ನು ಕಂಡದ್ದೇ ಓಡಿ ಬಂದರು. ಕೆಲಸದ ಮಾತಿಲ್ಲ, ಸಂಬಳದ ಮಾತಿಲ್ಲ. ‘ಹೇಳ್ರಿ ಅಕ್ಕಾರ. ಕಿಟಕ್ಯಾಗ ಏನೇನ್ ಕಂಡತಿ? ಒಂದೂ ಬಿಡಬ್ಯಾಡ್ರಿ.’

ನಾನು ಮೋಡದ ಬಗ್ಗೆ ಏನೋ ಹೇಳಿದೆ. ಕೆಳಗಿನ ದೀಪಗಳ ಬಗ್ಗೆ ಇನ್ನೇನೋ. ಅವರ ಬಸ್ಸು ಹಾರ್ನ್ ಹೊಡೆಯಿತು. ಅವರು ತಿರುಗಿ ನೋಡಲಿಲ್ಲ. ‘ಆಮ್ಯಾಲ?’ ಎಂದರು. ಬಸ್ಸು ಹೋಯಿತು. ‘ಆಮ್ಯಾಲ್ರೀ?’

ನನಗೆ ಮುಂದೆ ಸುಳ್ಳು ಹುಟ್ಟಲಿಲ್ಲ. ‘ನಾ ನೋಡ್ಲಿಲ್ರಿ ಬಸಲಿಂಗಪ್ಪಾರ. ಕಣ್ಣು ಮುಚಗೊಂಡು ಕುಂತಿದ್ದೆ.’

ಅವರು ಬಸ್ಸು ಹೋದ ಕಡೆ ನೋಡಿದರು. ‘ಪರೀಕ್ಷಾ ತಲ್ಯಾಗ ಇತ್ತು, ಮತ್ತೇನ್ ಮಾಡ್ತೀರಿ,’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಮುಂದಿನ ಸಲ ನೋಡ್ಕೊಂಡ್ ಬಂದು ಹೇಳ್ರಿ. ನಾ ಎಲ್ಲಿ ಹೋಗ್ತೀನಿ?’

ಮುಂದಿನ ಸಲ ನಾನು ಬಾಂಬೆಯಿಂದ ಹೈದರಾಬಾದಿಗೆ ವಿಮಾನದಲ್ಲೇ ಬಂದೆ, ಬೇರೆ ಕಂಪನಿಯದು. ಗಾಜಿಗೆ ಹಣೆ ಹಚ್ಚಿ ಕೂತು, ಒಂದೂ ಬಿಡದೆ, ನಾಲ್ಕು ಹಾಳೆ ತುಂಬ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ಸಿಂಧನೂರಿನಲ್ಲಿಳಿದು ನೇರ ಅವರ ಮನೆಗೆ ಹೋದೆ.

ಅವರ ಹೆಂಡತಿ ನೀರು ತಂದುಕೊಟ್ಟರು. ‘ಅವ್ರು ಹೋಗಿ ಎಲ್ಡು ತಿಂಗಳಾತ್ರಿ ಅಕ್ಕಾರ. ಕಾಮಣಿ ಆಗಿತ್ತು, ಕಣ್ಣೆಲ್ಲಾ ಹಳದಿ ಆಗಿದ್ವು, ದವಾಖಾನಿಗೆ ಬರ್ರಿ ಅಂದ್ರ ಕೇಳಲಿಲ್ಲ.’ ಮಾತು ನಿಲ್ಲಿಸಿ, ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. ‘ಏನ್ರೀ ಅದು?’

ಹೇಳಿದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಎದುರಿಗೆ ಕೂತರು. ‘ಓದ್ರಿ ಮತ್ತ. ನಾ ಕೇಳ್ತೀನಿ.’

ಓದತೊಡಗಿದೆ. ಚಕ್ರ ನೆಲ ಬಿಟ್ಟಿತು, ನಮ್ಮ ವಿಮಾನದ ನೆರಳು ಕೆಳಗೆ ಮನೆಗಳ ಮೇಲೆ ಓಡುತ್ತಿದೆ ಎಂಬಲ್ಲಿಯ ತನಕ ಓದಿದೆ. ಮುಂದೆ ನನ್ನಿಂದ ಆಗಲಿಲ್ಲ.